ದತ್ತು ಬಂದ ಎಳೆನಾಯಿಗೆ ಓಟಕ್ಕಿಂತ ಮೊದಲು ನಿದ್ದೆ

ಬೀದಿಯಿಂದಲೋ ಶೆಲ್ಟರಿನಿಂದಲೋ ಎಂಟು-ಹತ್ತು ತಿಂಗಳ ನಾಯಿಯನ್ನು ದತ್ತು ತಂದವರು ಎರಡನೆಯ ವಾರದ ಹೊತ್ತಿಗೆ ಚಿಕಿತ್ಸಾಲಯಕ್ಕೆ ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಡಾಕ್ಟ್ರೇ, ಎಷ್ಟು ಓಡಿಸಿದರೂ ಇದಕ್ಕೆ ದಣಿವೇ ಆಗುವುದಿಲ್ಲ.’ ಸಂಜೆಯಾಯಿತೆಂದರೆ ಸೋಫಾ ಹತ್ತಿ ಇಳಿಯುತ್ತದೆ, ಪ್ಯಾಂಟಿನ ಅಂಚು ಕಚ್ಚಿ ಎಳೆಯುತ್ತದೆ, ಒಂದು ಚಪ್ಪಲಿಯನ್ನೂ ಉಳಿಸುವುದಿಲ್ಲ. ಮನೆಯವರು ಓಟವನ್ನು ಇನ್ನಷ್ಟು ಹೆಚ್ಚಿಸುತ್ತಾರೆ, ತಾರಸಿಯಲ್ಲಿ ಬಹಳ ಹೊತ್ತು ಚೆಂಡು ಎಸೆಯುತ್ತಾರೆ. ನಾನು ಮೊದಲು ಕೇಳುವುದು ಬೇರೆಯದನ್ನು: ಹಗಲಿನಲ್ಲಿ ಅದು ಎಷ್ಟು ಹೊತ್ತು ಮಲಗುತ್ತದೆ?

ನಮ್ಮ ಬೀದಿಗಳ ನಾಯಿಗಳನ್ನು ಗಮನಿಸಿದರೆ, ಅವು ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಸುತ್ತಾಡಿ, ಬಿಸಿಲೇರಿದ ಮೇಲೆ ನಿಂತ ಕಾರಿನ ಕೆಳಗೋ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೋ ಬಹುಪಾಲು ಮಲಗಿಯೇ ಇರುವುದು ಕಾಣುತ್ತದೆ. ಬೆಳೆದ ನಾಯಿಗೇ ದಿನಕ್ಕೆ 12ರಿಂದ 14 ಗಂಟೆಗಳ ನಿದ್ದೆ ಬೇಕು. ಎಳೆಯದಕ್ಕೆ ಇನ್ನೂ ಹೆಚ್ಚು. ಹೊಸ ಮನೆಯಲ್ಲಾದರೋ ಮಿಕ್ಸಿಯ ಸದ್ದು, ಕರೆಗಂಟೆ, ನೋಡಲು ಬರುವ ನೆಂಟರು, ಮುದ್ದಿಸುವ ಮಕ್ಕಳು ಎಲ್ಲವೂ ಸೇರಿ ಅದನ್ನು ಎಬ್ಬಿಸುತ್ತಲೇ ಇರುತ್ತವೆ. ನಿದ್ದೆಗೆಟ್ಟ ಮಗುವಿನಂತೆ ಅದೂ ರಂಪ ಮಾಡುತ್ತದೆ, ನಾವು ಅದನ್ನು ಶಕ್ತಿಯೆಂದು ತಿಳಿಯುತ್ತೇವೆ. ಮತ್ತೆ ಮತ್ತೆ ಚೆಂಡಿನ ಹಿಂದೆ ಓಡಿಸಿದರೆ ಮೈಯ ಕಸುವೂ ಮನಸ್ಸಿನ ಉದ್ರೇಕವೂ ಹೆಚ್ಚುತ್ತವೆಯೇ ಹೊರತು ಶಾಂತಿ ಬರುವುದಿಲ್ಲ.

ಆದ್ದರಿಂದ ಬಿಸಿಲೇರುವ ಮೊದಲು ಹಾರ್ನೆಸ್ (ಎದೆ-ಬೆನ್ನು ಸುತ್ತಿ ಕಟ್ಟುವ ಪಟ್ಟಿ) ಹಾಕಿ, ಉದ್ದನೆಯ ಹಗ್ಗವನ್ನು ಸಡಿಲ ಬಿಟ್ಟು, ಅರ್ಧ ಗಂಟೆ ಅದರ ಮೂಗು ಎಳೆದತ್ತ ನಡೆಸಿ. ಒಂದೇ ಕಂಬವನ್ನು ಐದು ನಿಮಿಷ ಮೂಸಿದರೂ ಎಳೆಯಬೇಡಿ. ಮನೆಗೆ ಬಂದ ಮೇಲೆ ಊಟವನ್ನು ತಟ್ಟೆಗೆ ಸುರಿಯುವ ಬದಲು, ಹಳೆಯ ಟವೆಲನ್ನು ನೆಲಕ್ಕೆ ಹಾಸಿ, ಒಣ ಆಹಾರದ ಕಾಳುಗಳನ್ನು ಹರಡಿ ಚಾಪೆಯಂತೆ ಸುತ್ತಿಡಿ. ಮೂತಿಯಿಂದ ಒಂದೊಂದೇ ಮಡಿಕೆ ಬಿಡಿಸಿ ಹುಡುಕಿ ತಿನ್ನುವ ಆ ಕೆಲಸ ಅದನ್ನು ಓಟಕ್ಕಿಂತ ಹೆಚ್ಚು ತಣಿಸುತ್ತದೆ. ಆಮೇಲೆ ಮಬ್ಬು ಬೆಳಕಿನ ಮೂಲೆಯಲ್ಲಿ ಹಾಸಿಗೆ ಹಾಕಿ, ಅಲ್ಲಿ ಮಲಗಿದಾಗ ಯಾರೂ ಮುಟ್ಟಬಾರದೆಂಬ ನಿಯಮವನ್ನು ಮಕ್ಕಳಿಗೂ ಹಿರಿಯರಿಗೂ ಸಮಾನವಾಗಿ ಅನ್ವಯಿಸಿ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸಂಗತಿಯ ಬಗ್ಗೆ ನನಗೆ ಹೆಚ್ಚು ಆತಂಕವಿದೆ. ಕುಣಿದಾಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಮೂಲೆ ಹಿಡಿದರೆ ‘ಈಗ ಹೊಂದಿಕೊಂಡಿತು’ ಎಂದು ಸಂತೋಷಪಡುವವರಿದ್ದಾರೆ. ಬೀದಿಯಲ್ಲಿ ಬೆಳೆದ ನಾಯಿಯ ಕಿವಿಯೊಳಗೆ, ಕಾಲ್ಬೆರಳುಗಳ ಸಂದಿನಲ್ಲಿ ರಕ್ತ ಹೀರುವ ಉಣ್ಣಿಗಳಿರುವುದು ಸಾಮಾನ್ಯ, ಅವು ಹರಡುವ ಎರ್ಲಿಕಿಯ, ಬಬೀಸಿಯ ಎಂಬ ರಕ್ತದ ಸೋಂಕುಗಳು ನಮ್ಮಲ್ಲಿ ವಿರಳವೇನಲ್ಲ. ಊಟ ಬಿಟ್ಟರೆ, ಒಸಡು ಬಿಳಿಚಿದರೆ, ಮೈ ಬಿಸಿಯಾದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಪ್ಯಾರಾಸಿಟಮಾಲ್ ಅನ್ನಂತೂ ಕೊಡಲೇಬೇಡಿ.

ಚುಚ್ಚುಮದ್ದಿನ ದಾಖಲೆ ಇಲ್ಲದಿದ್ದರೆ ಹಾಕಿಲ್ಲವೆಂದೇ ಭಾವಿಸಿ ರೇಬಿಸ್ ಲಸಿಕೆಯನ್ನೂ ಡಿಸ್ಟೆಂಪರ್-ಪಾರ್ವೊ ಎಂಬ ವೈರಸ್ ರೋಗಗಳ ಲಸಿಕೆಯನ್ನೂ ಮೊದಲಿನಿಂದ ಆರಂಭಿಸಬೇಕು. ಕಿವಿಯ ಅಂಚಿನಲ್ಲಿ ಕತ್ತರಿಸಿದ ಗುರುತಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೆಂದು ತಿಳಿಯಬಹುದು. ಮೊದಲ ಕೆಲವು ವಾರಗಳಲ್ಲಿ ಹಾರ್ನೆಸ್‌ಗೊಂದು, ಕೊರಳಪಟ್ಟಿಗೊಂದು ಹೀಗೆ ಎರಡು ಹಗ್ಗ ಕಟ್ಟಿಯೇ ಹೊರಗೆ ಕರೆದೊಯ್ಯಿರಿ, ಏಕೆಂದರೆ ಬೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ನುಸುಳಿಸಿಕೊಂಡು ಓಡಿಬಿಡುತ್ತದೆ, ಅದಕ್ಕೆ ಇನ್ನೂ ನಿಮ್ಮ ಮನೆಯ ದಾರಿ ಗೊತ್ತಿರುವುದಿಲ್ಲ.

ಆಟದಲ್ಲಿ ಹಲ್ಲು ತಾಗಿಸಿದರೆ ಹೊಡೆಯದೆ, ಕೂಗದೆ, ಆಟ ನಿಲ್ಲಿಸಿ ಎದ್ದುಹೋಗಿ. ಆದರೆ ಚರ್ಮ ಒಡೆದಿದ್ದರೆ, ಅದು ಆಟವೇ ಆಗಿದ್ದರೂ, ರೇಬಿಸ್ ಭಯವಿರುವುದರಿಂದ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ತಡಮಾಡದೆ ವೈದ್ಯರನ್ನು ಕಾಣಬೇಕು.