ಮೊದಲು ಆ ಬಾಗಿಲು ತೆಗೀರಿ

ಮಳೆಗಾಲ ಶುರುವಾಯ್ತು ಅಂದ್ರೆ ನನ್ನ ವಾಟ್ಸಾಪ್ ತುಂಬ ಅಣಬೆ ಬೆಳೆಯುವವರು ಕಳಿಸುವ ಒಂದೇ ಥರದ ಫೋಟೋ. ಪ್ಲಾಸ್ಟಿಕ್ ಚೀಲದ ತೂತಿನಿಂದ ಉದ್ದುದ್ದ ಬಿಳಿ ದಂಟುಗಳು ಹೊರಗೆ ಬಂದಿರುತ್ತವೆ. ತುದಿಯಲ್ಲಿ ಕೊತ್ತಂಬರಿ ಕಾಳಿನಷ್ಟು ಟೊಪ್ಪಿಗೆ. ಜೊತೆಗೆ ಒಂದು ವಾಯ್ಸ್ ಮೆಸೇಜು: "ಸರ, ಈ ಸಲ ಬೀಜಾನ ಸರಿ ಇಲ್ರಿ. ನೋಡ್ರಿ, ಹೆಂಗ ಬಂದಾವು."

ಬೀಜ ಸರಿಯಾಗಿಯೇ ಇರುತ್ತದೆ. ಅದು ಕೆಟ್ಟಿದ್ದರೆ ದಂಟೂ ಏಳುತ್ತಿರಲಿಲ್ಲ. ನಾನು ತಿರುಗಿ ಕೇಳುವುದು ಒಂದೇ ಮಾತು. ಕೋಣೆಯ ಬಾಗಿಲು ದಿನಕ್ಕೆ ಎಷ್ಟು ಹೊತ್ತು ತೆಗೀತೀರಿ? ಆ ಕಡೆಯಿಂದ ಹೆಮ್ಮೆಯ ಉತ್ತರ ಬರುತ್ತದೆ. "ತಗಿಯೂದಿಲ್ರಿ ಸರ. ನೀರು ಹೊಡಿಯಾಕ ಹೋದಾಗಷ್ಟ. ಪೂರಾ ಪ್ಯಾಕ್ ಮಾಡೇವಿ."

ಧಾರವಾಡದಲ್ಲಿ ಕೂತು ಸಿಂಪಿ ಅಣಬೆಯ (ಆಯ್ಸ್ಟರ್ ಮಶ್ರೂಮ್) ಬೀಜ, ಅಂದರೆ ಕಾಳಿನ ಮೇಲೆ ಬೆಳೆಸಿದ ಅಣಬೆ ಎಳೆ, ಮಾಡಿ ಕೊಡುವುದು, ಬೆಳೆಯುವವರ ಕೋಣೆ ನೋಡಿ ಬರುವುದು ನನ್ನ ಕೆಲಸ. ಹುಲ್ಲು ಕತ್ತರಿಸುವುದು, ನೆನೆಸುವುದು, ಬಿಸಿನೀರಲ್ಲಿ ಹದ ಮಾಡುವುದು, ಚೀಲ ತುಂಬುವುದು, ಇದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಯಾವ ತರಬೇತಿಗೆ ಹೋದರೂ ಕಲಿಸುತ್ತಾರೆ. ಜನ ಕಲಿತೂ ಬರುತ್ತಾರೆ. ಆಮೇಲೆ ಮನೆಗೆ ಬಂದು ಕೋಣೆಯನ್ನು ಉಸಿರುಗಟ್ಟುವಂತೆ ಮುಚ್ಚುತ್ತಾರೆ. ಕಿಟಕಿಗೆ ಥರ್ಮಾಕೋಲ್, ಬಾಗಿಲ ಸಂದಿಗೆ ಫೋಮು, ವೆಂಟಿಲೇಟರ್‌ಗೆ ಸಿಮೆಂಟ್ ಚೀಲ.

ಈ ತಪ್ಪು ತಿಳುವಳಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. "ಅಣಬೆಗೆ ಕತ್ತಲೆ ಕೋಣೆ ಬೇಕು" ಅಂತ ಯಾರೋ ಹೇಳಿರುತ್ತಾರೆ. ಅರ್ಧ ನಿಜ. ಮೊದಲ 15ರಿಂದ 20 ದಿನ ಅದು ನಿಜವೇ. ಚೀಲದೊಳಗೆ ಬೀಜದಿಂದ ಹೊರಟ ಬಿಳಿ ಎಳೆ ಹುಲ್ಲನ್ನೆಲ್ಲ ಹಬ್ಬಿಕೊಳ್ಳುವ ದಿನಗಳವು. ಆಗ ಬೆಳಕು ಬೇಡ, ಹೊಸ ಗಾಳಿಯ ಅವಸರವೂ ಇಲ್ಲ. ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 2ರಷ್ಟು ಆದರೂ ಎಳೆ ತಡೆದುಕೊಳ್ಳುತ್ತದೆ. ನಾವು ಹೊರಗೆ ಉಸಿರಾಡುವ ಗಾಳಿಯಲ್ಲಿ ಅದು ಶೇಕಡಾ 0.04ರ ಆಸುಪಾಸು ಇರುತ್ತದೆ. ಅಂದರೆ ಎಳೆಗೆ ಎಂಥ ಕೆಟ್ಟ ಗಾಳಿಯೂ ನಡೆಯುತ್ತದೆ.

ಚೀಲ ಪೂರ್ತಿ ಬೆಳ್ಳಗಾದ ಮೇಲೆ ಲೆಕ್ಕ ತಿರುಗುತ್ತದೆ. ಅದೇ ಕೋಣೆ, ಅದೇ ಚೀಲ, ಬೇಕಾಗಿರುವುದು ಮಾತ್ರ ಉಲ್ಟಾ. ಈಗ ಬೆಳಕು ಬೇಕು, ಗಾಳಿಯಂತೂ ಬೇಕೇ ಬೇಕು. ಡೈಆಕ್ಸೈಡ್ ಶೇಕಡಾ 0.1ರ ಹತ್ತಿರ ಹೋದರೂ ದಂಟು ಉದ್ದವಾಗತೊಡಗುತ್ತದೆ, ಟೊಪ್ಪಿಗೆ ಸಣ್ಣದಾಗುತ್ತದೆ. ಇಪ್ಪತ್ತು ದಿನ ಮುಚ್ಚಿಟ್ಟು ಒಳ್ಳೆಯದಾಯಿತಲ್ಲ, ಇನ್ನೂ ಹತ್ತು ದಿನ ಮುಚ್ಚಿದರೆ ಇನ್ನೂ ಒಳ್ಳೆಯದು ಅಂತ ಜನ ತಿಳಿಯುತ್ತಾರೆ. ಎಡವುವುದು ಇಲ್ಲೇ.

ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಣ ತಿಳಿಯದೆ ಯಾರೂ ಬಾಗಿಲು ತೆಗೆಯುವುದಿಲ್ಲ, ಅದು ನನಗೆ ಗೊತ್ತಾಗಿದೆ. ಅಣಬೆ ಗಿಡ ಅಲ್ಲ. ಅದರಲ್ಲಿ ಹಸಿರಿಲ್ಲ, ಬಿಸಿಲಿನಿಂದ ಅನ್ನ ಮಾಡಿಕೊಳ್ಳುವುದಿಲ್ಲ. ಅದು ಹುಲ್ಲು ತಿಂದು ನಮ್ಮ ಹಾಗೆಯೇ ಆಮ್ಲಜನಕ ಎಳೆದುಕೊಂಡು ಡೈಆಕ್ಸೈಡ್ ಬಿಡುತ್ತದೆ. ಬೆಳೆ ಮುಗಿದ ಮೇಲೆ ಚೀಲ ಎತ್ತಿ ನೋಡಿ, ಹಗುರಾಗಿರುತ್ತದೆ. ನೀರು ಆರಿದ್ದು, ಅಣಬೆ ಕಿತ್ತದ್ದು ಮಾತ್ರ ಅದಕ್ಕೆ ಕಾರಣ ಅಲ್ಲ. ಹುಲ್ಲಿನ ಒಂದು ಪಾಲು ಗಾಳಿಯಾಗಿ ನಿಮ್ಮ ಕೋಣೆಯೊಳಗೇ ಹೋಗಿದೆ. ನೂರು ಚೀಲ ಅಂದರೆ ನೂರು ಬಾಯಿ, ಹಗಲು ರಾತ್ರಿ ಉಸಿರು ಬಿಡುತ್ತಿರುತ್ತವೆ. ಆ ಗಾಳಿ ಹೊರಗೆ ಹೋಗದಿದ್ದರೆ ಅಣಬೆ ಏನು ಮಾಡಬೇಕು? ಕಾಡಿನಲ್ಲಿ ಅದು ಹುಟ್ಟುವುದು ಮರದ ಬಿರುಕಿನಲ್ಲಿ. ಬಿರುಕಿನೊಳಗೆ ಇರುವ ತನಕ ಸುತ್ತ ಕೆಟ್ಟ ಗಾಳಿ. ದಂಟು ಉದ್ದವಾಗಿ ಹೊರಗಿನ ಗಾಳಿ ಮುಟ್ಟಿದ ಮೇಲೆ ಟೊಪ್ಪಿಗೆ ಬಿಚ್ಚುತ್ತದೆ. ಮುಚ್ಚಿದ ಕೋಣೆಯಲ್ಲಿ ಹೊರಗು ಅನ್ನುವುದೇ ಸಿಗದು. ಹಾಗಾಗಿ ಅದು ದಂಟನ್ನು ಚಾಚುತ್ತಲೇ ಇರುತ್ತದೆ.

ಆ ದಂಟನ್ನು ಯಾರೂ ಕೊಳ್ಳುವುದಿಲ್ಲ. ಅಗಿಯಲು ನಾರು. ಹುಲ್ಲು, ಬೀಜ, ಕೂಲಿ, ಎಲ್ಲದರ ಖರ್ಚೂ ಅದಕ್ಕೇ ಹೋಗಿರುತ್ತದೆ.

ಸಪ್ತಾಪುರದಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಗಳ ಮನೆಗೆ ಹೋಗಿದ್ದೆ. ಮಹಡಿ ಮೇಲಿನ ಕೋಣೆಗೆ ಒಂದೂವರೆ ಟನ್ನಿನ ಏಸಿ ಹಾಕಿಸಿದ್ದರು. ಧಾರವಾಡದ ಶ್ರಾವಣದಲ್ಲಿ ಏಸಿ! ನನಗೆ ನಗು ತಡೆಯಲಾಗಲಿಲ್ಲ. ಪಾಪ, ಅವರು ಬಹಳ ಶಿಸ್ತಿನ ಮನುಷ್ಯ. ಯಾವ ಚೀಲ ಎಷ್ಟು ಗ್ರಾಂ ಕೊಟ್ಟಿತು ಅಂತ ಲೆಡ್ಜರ್ ಇಟ್ಟಿದ್ದರು. ಬಾಗಿಲ ಹತ್ತಿರದ ಚೀಲಗಳಲ್ಲಿ ಅಂಗೈ ಅಗಲದ ಅಣಬೆ, ಒಳಮೂಲೆಯ ಚೀಲಗಳಲ್ಲಿ ಬರೀ ಕಡ್ಡಿ. ಇದನ್ನೂ ಬರೆದಿಟ್ಟಿದ್ದರು. ಷರಾ ಏನು ಗೊತ್ತಾ? "ಎರಡನೇ ಗಾಡಿಯ ಹುಲ್ಲು ಕಳಪೆ." ಚಹಾ ತಂದ ಅವರ ಪತ್ನಿ ನಿಂತಲ್ಲೇ ಹೇಳಿದರು: "ಬಾಗಲಾ ಕಡೆ ಇದ್ದೂವ ಛಲೋ ಬರ್ತಾವು ಅಂತ ನಾ ಆವಾಗಿಂದ ಹೇಳಾಕತ್ತೇನ್ರಿ. ಇವರು ನನ್ನ ಮಾತು ಎಲ್ಲೆ ಕೇಳ್ತಾರ."

ಏಸಿ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಮನೆಗೆ ಹಾಕಿಸುವ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಒಳಗಿದ್ದ ಗಾಳಿಯನ್ನೇ ತಂಪು ಮಾಡಿ ಮತ್ತೆ ಬಿಡುತ್ತದೆ. ಜೊತೆಗೆ ಅದರ ತೇವ ಹಿಂಡಿ ಪೈಪಿನಿಂದ ಹೊರಗೆ ಹನಿಸುತ್ತದೆ. ಅಣಬೆಗೆ ಬೇಕಾದ ಎರಡನ್ನೂ, ಹೊಸ ಗಾಳಿ ಮತ್ತು ತೇವ, ಅದು ಕೊಡುವುದಿಲ್ಲ. ಬಟನ್ ಅಣಬೆ (ಪೇಟೆಯಲ್ಲಿ ಸಿಗುವ ದುಂಡನೆ ಬಿಳಿ ಅಣಬೆ) ಬೆಳೆಯುವ ದೊಡ್ಡ ಘಟಕಗಳಲ್ಲೂ ಏಸಿ ಇದೆಯಲ್ಲ ಅಂತ ಕೇಳುತ್ತಾರೆ. ಇದೆ. ಅಲ್ಲಿ ಹೊರಗಾಳಿ ಎಳೆದು, ಶೋಧಿಸಿ, ತೇವ ಸೇರಿಸಿ ಒಳಗೆ ಬಿಡುವ ಬೇರೆಯೇ ವ್ಯವಸ್ಥೆ ಇರುತ್ತದೆ. ಅದರ ರೊಕ್ಕವೂ ಬೇರೆ.

ನೇರಳೆ ಬಣ್ಣದ ಗ್ರೋ ಲೈಟ್ ತಂದವರೂ ಇದ್ದಾರೆ. ಅದು ಸೊಪ್ಪು ಬೆಳೆಯುವವರ ಸಾಮಾನು. ಅಣಬೆಗೆ ಕೋಣೆಯಲ್ಲಿ ನಿಂತು ಪೇಪರ್ ಓದುವಷ್ಟು ಬೆಳಕು ದಿನಕ್ಕೆ ಕೆಲವು ತಾಸು ಸಾಕು. ಕಿಟಕಿಯಿಂದ ಬರುವುದು ನಡೆಯುತ್ತದೆ. ಇಲ್ಲದಿದ್ದರೆ ಸಾದಾ ಟ್ಯೂಬ್‌ಲೈಟ್.

ಈಗ ಬರುವ ಪ್ರಶ್ನೆ: "ಬಾಗಲಾ ತಗದ್ರ ತೇವ ಹೋಗೂದಿಲ್ಲೇನ್ರಿ?" ಹೋಗುತ್ತದೆ. ಈ ಭಯ ಸುಳ್ಳಲ್ಲ. ಅಣಬೆ ಏಳುವಾಗ ಕೋಣೆಯ ತೇವ ಶೇಕಡಾ 80ರಿಂದ 90 ಇರಬೇಕು. ಹಾಗಾಗಿ ಯಾವಾಗ, ಎಷ್ಟು ತೆಗೆಯಬೇಕು ಅನ್ನುವುದು ಊರಿನ ಮೇಲೆ, ತಿಂಗಳ ಮೇಲೆ ಹೋಗುತ್ತದೆ. ಎಲ್ಲರಿಗೂ ಒಂದೇ ಟೈಮ್‌ಟೇಬಲ್ ಕೊಡಲು ನನಗೆ ಧೈರ್ಯವಿಲ್ಲ. ಧಾರವಾಡ, ಕಲಘಟಗಿ, ಅಳ್ನಾವರ ಅಂದರೆ ಮಲೆನಾಡಿನ ಸೆರಗು. ಜುಲೈ, ಆಗಸ್ಟ್‌ನಲ್ಲಿ ಹೊರಗಿನ ಗಾಳಿಯೇ ಒದ್ದೆ. ಕಿಟಕಿಗೆ ಜಾಲರಿ ಹಾಕಿ ಹಗಲಿಡೀ ತೆಗೆದಿಡಬಹುದು. ಗದಗ, ರೋಣದ ಕಡೆ ಹಾಗಲ್ಲ. ಅಲ್ಲಿ ಮಳೆಗಾಲದಲ್ಲೂ ಒಣಗಾಳಿ ಬೀಸುವ ದಿನಗಳಿರುತ್ತವೆ. ಮಾರ್ಚ್ ನಂತರದ ಮಧ್ಯಾಹ್ನದ ಗಾಳಿ ಒಳಗೆ ನುಗ್ಗಿದರೆ ಮೊಗ್ಗುಗಳು ಒಂದೇ ದಿನಕ್ಕೆ ಹಳದಿಯಾಗಿ ಮುರುಟುತ್ತವೆ. ಅಂಥ ಕಡೆ ನಸುಕಿನಲ್ಲಿ, ಸಂಜೆ ಹೊತ್ತು ಮುಳುಗಿದ ಮೇಲೆ ತೆಗೆಯಿರಿ. ಕಿಟಕಿಗೆ ಒದ್ದೆ ಗೋಣಿತಾಟು ಇಳಿಬಿಡಿ, ನೆಲಕ್ಕೆ ಉಸುಕು ಹಾಸಿ ನೀರು ಹಾಕಿ. ಗಾಳಿ ಒದ್ದೆ ತಾಟಿನ ಮೂಲಕ ಬರಲಿ. ಒಂದು ಬದಿ ಕೆಳಗೆ, ಎದುರು ಬದಿ ಮೇಲೆ ಗಾಳಿಕಿಂಡಿ ಇದ್ದರೆ ಬಹಳ ಒಳ್ಳೆಯದು. ತಂಪು ಕೆಳಗಿನಿಂದ ಬರುತ್ತದೆ, ಬಿಸಿ ಮೇಲಿನಿಂದ ಹೋಗುತ್ತದೆ.

ಗಾಳಿ ಆಡುತ್ತಿದೆಯೋ ಇಲ್ಲವೋ ನೋಡಲು ಮೀಟರ್ ಬೇಕಿಲ್ಲ. ಒಳಮೂಲೆಯಲ್ಲಿ ನಿಂತು ಒಂದು ಊದಿನಕಡ್ಡಿ ಹಚ್ಚಿ. ಹೊಗೆ ಒಂದು ದಿಕ್ಕು ಹಿಡಿದು ಸರಿದರೆ ಗಾಳಿ ಇದೆ. ತಲೆ ಮೇಲೆ ಮೋಡ ಕಟ್ಟಿ ನಿಂತರೆ ಇಲ್ಲ. ಅದಕ್ಕಿಂತ ಪಕ್ಕಾ ಮೀಟರ್ ಅಂದರೆ ಅಣಬೆಯೇ. ದಂಟು ಗಿಡ್ಡ, ಟೊಪ್ಪಿಗೆ ಅಗಲ ಇದ್ದರೆ ನೀವು ಮಾಡುತ್ತಿರುವುದು ಸರಿ, ಬದಲಾಯಿಸಬೇಡಿ. ಟೊಪ್ಪಿಗೆ ಅಂಚು ಒಣಗಿ ಸೀಳುತ್ತಿದ್ದರೆ ಗಾಳಿ ಜಾಸ್ತಿ, ತೇವ ಕಡಿಮೆ. ಹುಬ್ಬಳ್ಳಿಯ ಒಬ್ಬ ಎಂಜಿನಿಯರ್ ಹುಡುಗ ಮೊಬೈಲ್‌ನಲ್ಲೇ ತೇವ ತೋರಿಸುವ ಯಂತ್ರ ಹಾಕಿದ್ದ. ಯಾವಾಗ ನೋಡಿದರೂ 95. ಖುಷಿಯೋ ಖುಷಿ. ಹೋಗಿ ನೋಡಿದರೆ ಯಂತ್ರವನ್ನು ಮಂಜು ಬಿಡುವ ಪೈಪಿನ ಬಾಯಿಗೇ ನೇತು ಹಾಕಿದ್ದ. ಹುಡುಗ ಚುರುಕು, ಅರ್ಧ ಮಾತಿನಲ್ಲೇ ತಿಳಿದುಕೊಂಡ.

ಉದ್ದ ದಂಟು ಕಂಡ ಕೂಡಲೇ ಜನ ಮಾಡುವುದೇನು? ಇನ್ನಷ್ಟು ನೀರು ಹೊಡೆಯುತ್ತಾರೆ. ನಮ್ಮ ಕಡೆ ಯಾವ ಬೆಳೆ ಬಾಡಿದರೂ ಮೊದಲು ನೀರು ತಾನೆ. ಎಳೆಯ ಮೊಗ್ಗಿನ ಮೇಲೆ ನೀರು ನಿಂತು, ಮೇಲೆ ಗಾಳಿಯೂ ಇಲ್ಲದಿದ್ದರೆ ಹಳದಿ ಕಲೆ ಬಿದ್ದು ಲೋಳೆಯಾಗುತ್ತದೆ, ಆಮೇಲೆ ವಾಸನೆ. ಅದು ಬ್ಯಾಕ್ಟೀರಿಯಾ ಕೆಲಸ. ನೀರು ಗೋಡೆಗೆ ಹೊಡೆಯಿರಿ, ನೆಲಕ್ಕೆ ಹೊಡೆಯಿರಿ. ಚೀಲಕ್ಕೆ ಬೇಕಾದರೆ ಸಣ್ಣ ಮಂಜಿನಂತೆ, ಹೊಡೆದ ಮೇಲೆ ಗಾಳಿ ಆಡಿ ಮೇಲಿನ ಹನಿ ಆರಬೇಕು. ಕ್ಲೋರಿನ್ ಹಾಕಿದ ನಳದ ನೀರನ್ನು ಒಂದು ದಿನ ಹಿಡಿದಿಟ್ಟು ಬಳಸಿ ಅಂತ ಬೇರೆ ಊರಲ್ಲಿ ಹೇಳಬೇಕಾಗುತ್ತದೆ. ನಮ್ಮ ಅವಳಿ ನಗರದ ಎಷ್ಟೋ ಓಣಿಗಳಲ್ಲಿ ಅದನ್ನು ಹೇಳುವ ಅಗತ್ಯವೇ ಇಲ್ಲ. ಮಲಪ್ರಭೆ ನೀರು ಬರುವುದೇ ದಿನಗಟ್ಟಲೆ ಬಿಟ್ಟು, ಎಲ್ಲರ ಮನೆಯಲ್ಲೂ ಟಾಕಿಯಲ್ಲಿ ನಿಂತಿರುವ ನೀರೇ.

ಬಾಗಿಲು ತೆಗೀರಿ ಅಂದಮೇಲೆ ಅದು ಎಲ್ಲಿಗೆ ತೆರೆಯುತ್ತದೆ ಅನ್ನುವುದನ್ನೂ ನೋಡಬೇಕು. ತಿಪ್ಪೆಗೆ, ದನದ ಕೊಟ್ಟಿಗೆಗೆ ತೆರೆದರೆ ನೊಣ ಬಂತು ಅಂತ ತಿಳಿಯಿರಿ. ಸೊಳ್ಳೆ ಪರದೆ ಸಾಲದು, ಅಣಬೆ ನೊಣ ಅದರೊಳಗೆ ನುಸುಳುತ್ತದೆ. ಇನ್ನೂ ಸಣ್ಣ ಕಣ್ಣಿನ ಜಾಲರಿ ಬೇಕು. ಬ್ಯಾಡಗಿ ಕಡೆಯ ಒಬ್ಬ ಮೆಣಸಿನಕಾಯಿ ರೈತರು ನನ್ನ ಮಾತು ಕೇಳಿ ಕಿಟಕಿ ತೆಗೆದರು. ವಾರದಲ್ಲಿ ಚೀಲಗಳ ಮೇಲೆ ಕಡು ಹಸಿರು ಬೂಸ್ಟು. ಹೋಗಿ ನೋಡಿದರೆ ಕಿಟಕಿಯ ಕೆಳಗೇ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ ಅನ್ನುವ ಹಸಿರು ಶಿಲೀಂಧ್ರ ಕಲಸಿ ಗುಡ್ಡೆ ಹಾಕಿದ್ದಾರೆ! ಸೊರಗು ರೋಗಕ್ಕೆ ಹೊಲದಲ್ಲಿ ಅದು ಬಂಗಾರದಂಥ ಔಷಧಿ. ಅದರ ಕಸುಬೇ ಬೇರೆ ಶಿಲೀಂಧ್ರಗಳನ್ನು ತಿನ್ನುವುದು. ಅಣಬೆಯೂ ಶಿಲೀಂಧ್ರವೇ ಅಲ್ವಾ? ಹೊಲದ ಮಿತ್ರ ಅಣಬೆ ಕೋಣೆಯ ಪಕ್ಕಾ ವೈರಿ. ಟ್ರೈಕೋಡರ್ಮಾ ಮುಟ್ಟಿದ ಬಟ್ಟೆಯಲ್ಲಿ ಕೋಣೆಯೊಳಗೆ ಕಾಲಿಡಬೇಡಿ. ಹಸಿರು ಬಂದ ಚೀಲವನ್ನು ಒಳಗೆ ಬಿಚ್ಚದೆ ಹೊರಗೆ ಒಯ್ದು ಹೂಳಿಬಿಡಿ. ಆದರೆ ಹಸಿರು ಬಂದದ್ದೆಲ್ಲ ಗಾಳಿಯಿಂದಲೇ ಅಂತ ನಾನು ಹೇಳಲಾರೆ. ಹುಲ್ಲಿನ ಹದ ತಪ್ಪಿದರೂ, ನೀರು ಬಸಿಯದೆ ತುಂಬಿದರೂ ಅದು ಬರುತ್ತದೆ. ಚೀಲ ಕಟ್ಟಿದ ಮೊದಲ ವಾರದಲ್ಲೇ ಕಂಡರೆ ಮೊದಲು ಹುಲ್ಲನ್ನು ಅನುಮಾನಿಸಿ.

ಹೊಸಬರು ಮೊದಲ ಸಲವೇ ಐದುನೂರು ಚೀಲ ಹಾಕುತ್ತೇನೆ ಅಂದರೆ ನಾನು ಬೀಜ ಕೊಡಲು ಹಿಂದೆ ಮುಂದೆ ನೋಡುತ್ತೇನೆ. ವ್ಯಾಪಾರಕ್ಕೆ ನಷ್ಟ, ಇರಲಿ. ಜುಲೈನಲ್ಲಿ ಹತ್ತು ಚೀಲದಿಂದ ಶುರು ಮಾಡಿ. ನಿಮ್ಮ ಕೋಣೆಯ ಗಾಳಿ ಹೇಗಿದೆ ಅಂತ ಆ ಹತ್ತು ಚೀಲ ಹೇಳುತ್ತವೆ. ಒಂದು ಕಿಲೋ ಒಣಹುಲ್ಲಿಗೆ ಮೂರು ಕೊಯ್ಲು ಸೇರಿ ಅರ್ಧ ಕಿಲೋ ಬಂದರೂ ಹೊಸಬರಿಗೆ ಪರವಾಗಿಲ್ಲ ಅನ್ನುತ್ತೇನೆ. ಮಾರುವ ಜಾಗವನ್ನೂ ಮೊದಲೇ ಕೇಳಿಕೊಳ್ಳಿ. ಹೋಟೆಲಿನವರು ಮಶ್ರೂಮ್ ಬೇಕು ಅಂದರೆ ಬಹಳ ಸಲ ಅವರ ಮನಸ್ಸಿನಲ್ಲಿ ಇರುವುದು ಬಟನ್. ಸಿಂಪಿ ಒಯ್ದು ತೋರಿಸಿದರೆ ಮುಖ ನೋಡುತ್ತಾರೆ. ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಅಂತ ಮುಂಗಡ ಕೇಳುವವರು ಬಂದರೆ, ಕರಾರು ಪತ್ರವನ್ನು ತಿಳಿದವರಿಗೆ ತೋರಿಸದೆ ಸಹಿ ಹಾಕಬೇಡಿ.

ಇನ್ನು ಮನೆಯೊಳಗೇ ಕೋಣೆ ಮಾಡುವವರಿಗೆ. ಟೊಪ್ಪಿಗೆಯ ಅಂಚು ಇನ್ನೂ ಕೆಳಗೆ ಬಾಗಿರುವಾಗಲೇ ಕಿತ್ತುಬಿಡಿ. ಅಂಚು ಮೇಲೆ ಮಡಚುವ ತನಕ ಬಿಟ್ಟರೆ ಅಣಬೆ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಣ ಉದುರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿ, ಒಳಗೆ ಹೋದವರಿಗೆ ಕೆಮ್ಮು, ಕೆಲವರಿಗೆ ಜ್ವರದ ಹಾಗೆ ಮೈಕೈ ನೋವು. ಕೊಯ್ಲಿಗೆ ಹೋಗುವ ಮುಂಚೆ ಬಾಗಿಲು ಕಿಟಕಿ ತೆಗೆದು ಸ್ವಲ್ಪ ಹೊತ್ತು ಬಿಡಿ, ಮಾಸ್ಕ್ ಹಾಕಿಕೊಳ್ಳಿ. ಮನೆಯಲ್ಲಿ ಆಸ್ತಮಾ ಇದ್ದವರಿದ್ದರೆ ಮೊದಲು ಅವರ ಡಾಕ್ಟರನ್ನು ಕೇಳಿ. ಮಲಗುವ ಕೋಣೆಗೆ ಹೊಂದಿಕೊಂಡ ಕೋಣೆಯಂತೂ ಬೇಡವೇ ಬೇಡ. ಹಿತ್ತಲಲ್ಲಿ ಬೇರೆ ಶೆಡ್ ಹಾಕಲು ಜಾಗವಿದೆಯಾ, ಮೊದಲು ಅದನ್ನು ನೋಡಿ.