ಹೇಸರಗತ್ತೆಗಳ ದಾರಿಯಲ್ಲಿ ಈಗ ಸೈಕಲ್ ಸವಾರಿ

ಅಮೆರಿಕದ ವಾಷಿಂಗ್ಟನ್ ನಗರದ ಜಾರ್ಜ್‌ಟೌನ್‌ನಿಂದ ಮೇರಿಲ್ಯಾಂಡ್‌ನ ಕಂಬರ್ಲ್ಯಾಂಡ್ ಊರಿನವರೆಗೆ, ಪೊಟೊಮ್ಯಾಕ್ ನದಿಯ ಪಕ್ಕದಲ್ಲೇ ಒಂದು ದಾರಿ ಸಾಗುತ್ತದೆ. ಉದ್ದ 184.5 ಮೈಲಿ, ಅಂದರೆ ಸುಮಾರು 297 ಕಿಲೋಮೀಟರ್. ಇವತ್ತು ಅದು ಸೈಕಲ್‌ನವರದ್ದು, ವಾಕಿಂಗ್ ಬರುವವರದ್ದು. ಒಂದು ಕಾಲಕ್ಕೆ ಹೇಸರಗತ್ತೆಗಳದ್ದಾಗಿತ್ತು. ಚೆಸಪೀಕ್ ಅಂಡ್ ಒಹಾಯೊ ಕಾಲುವೆಯ ದೋಣಿಗಳನ್ನು ಅವು ದಂಡೆಯ ಮೇಲೆ ನಡೆಯುತ್ತಾ ಹಗ್ಗದಿಂದ ಎಳೆಯುತ್ತಿದ್ದವು.

1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿ ಪೂಜೆಗೆ ಬಂದರು. ಸಲಿಕೆ ಬೇರಿಗೆ ತಾಗಿ ಮಣ್ಣೊಳಗೆ ಇಳಿಯಲೇ ಇಲ್ಲ. ಅವರು ಕೋಟು ಕಳಚಿಟ್ಟು ಅಗೆದರಂತೆ, ಜನ ಕೇಕೆ ಹಾಕಿದರಂತೆ. ತಮಾಷೆ ಏನಂದರೆ, ಅದೇ ದಿನ ಬಾಲ್ಟಿಮೋರ್‌ನಲ್ಲಿ ಬಾಲ್ಟಿಮೋರ್ ಅಂಡ್ ಒಹಾಯೊ ರೈಲು ಮಾರ್ಗಕ್ಕೂ ಶಂಕುಸ್ಥಾಪನೆ ನಡೆಯಿತು. ರೈಲು 1842ರಲ್ಲೇ ಕಂಬರ್ಲ್ಯಾಂಡ್ ಮುಟ್ಟಿತು. ಕಾಲುವೆ ತಲುಪಿದ್ದು 1850ರಲ್ಲಿ. ಒಹಾಯೊ ನದಿಯವರೆಗೆ ಹೋಗುವ ಆಸೆಯನ್ನು ಅಲ್ಲಿಗೇ ಬಿಟ್ಟರು.

ಕೆಲಸವೇನೂ ಸಣ್ಣದಲ್ಲ. 605 ಅಡಿ ಏರಿಳಿತವನ್ನು 74 ಲಾಕ್‌ಗಳಲ್ಲಿ ನಿಭಾಯಿಸಿದರು. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ಮೇಲಿನಿಂದ ನೀರು ಬಿಟ್ಟರೆ ದೋಣಿ ತಾನಾಗಿ ಏರುತ್ತದೆ. ಬಾಗಿಲು ಕಾಯುವವನ ಮನೆ ಪಕ್ಕದಲ್ಲೇ. ರಾತ್ರಿ ಎಷ್ಟೊತ್ತಿಗೆ ದೋಣಿ ಬಂದರೂ ಅವನು ಎದ್ದು ಬರಬೇಕಿತ್ತು. ದೋಣಿಯಲ್ಲೇ ಸಂಸಾರ ಹೂಡಿದವರೂ ಇದ್ದರು. ಹೇಸರಗತ್ತೆ ಹೊಡೆಯುವ ಕೆಲಸ ಎಷ್ಟೋ ಸಲ ಮಕ್ಕಳ ಪಾಲಿಗೆ ಬರುತ್ತಿತ್ತು.

ಮುಖ್ಯವಾಗಿ ಕಲ್ಲಿದ್ದಲು ಸಾಗಿಸುತ್ತಿದ್ದ ಕಾಲುವೆ 1889ರ ಪ್ರವಾಹದಲ್ಲಿ ದಿವಾಳಿಯಾಯಿತು. ಸಾಲಪತ್ರಗಳು ರೈಲು ಕಂಪನಿಯ ಕೈಯಲ್ಲಿದ್ದವು. ಹಾಗಾಗಿ ಹಿಡಿತವೂ ಎದುರಾಳಿಗೇ ಹೋಯಿತು. ಇನ್ನೊಂದು ರೈಲು ಕಂಪನಿಗೆ ಈ ಜಾಗ ಸಿಗಬಾರದು ಅನ್ನುವ ಲೆಕ್ಕಾಚಾರ ಅದರದ್ದು. ನನ್ನ ಪ್ರಕಾರ ದಾರಿ ಉಳಿದಿದ್ದೇ ಈ ಹೊಟ್ಟೆಕಿಚ್ಚಿನಿಂದ. ತುಂಡು ತುಂಡಾಗಿ ಮಾರಿಬಿಟ್ಟಿದ್ದರೆ ಆಮೇಲೆ ಜೋಡಿಸುವವರು ಯಾರು? 1924ರ ಪ್ರವಾಹದ ನಂತರ ದೋಣಿಗಳು ನಿಂತವು. 1938ರಲ್ಲಿ ಸರ್ಕಾರ ಇಡೀ ಕಾಲುವೆಯನ್ನು 20 ಲಕ್ಷ ಡಾಲರ್‌ಗೆ ಕೊಂಡಿತು.

ಆಮೇಲೆ ಇದರ ಮೇಲೆ ಕಾರು ಓಡುವ ರಸ್ತೆ ಮಾಡುವ ಯೋಜನೆ ಬಂತು. 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸಂಪಾದಕೀಯ ಬರೆದು ಅದಕ್ಕೆ ಸೈ ಅಂದಿತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಸುಮ್ನಿರಲಿಲ್ಲ. ನನ್ನ ಜೊತೆ ಪೂರ್ತಿ ನಡೆದು ನೋಡಿ, ಆಮೇಲೆ ಮಾತಾಡೋಣ ಅಂತ ಪತ್ರಿಕೆಗೇ ಪತ್ರ ಬರೆದರು. ಮಾರ್ಚ್‌ನಲ್ಲಿ ಕಂಬರ್ಲ್ಯಾಂಡ್‌ನಿಂದ ಎಂಟು ದಿನದ ನಡಿಗೆ ಶುರುವಾಯಿತು. ನಡುನಡುವೆ ಸೇರಿದವರು ಹಲವರು, ಪೂರ್ತಿ ನಡೆದವರು ಒಂಬತ್ತೇ ಜನ. ಪತ್ರಿಕೆ ತನ್ನ ನಿಲುವು ಬದಲಿಸಿತು.

ಅಷ್ಟಾದರೂ ಕಾನೂನಿನ ರಕ್ಷಣೆ ನಿಧಾನವಾಗಿಯೇ ಬಂತು. 1961ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಇದನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಆಗಲು 1971ರವರೆಗೆ ಕಾಯಬೇಕಾಯಿತು.

ಹೇಸರಗತ್ತೆಗೆಂದು ಮಾಡಿದ ದಾರಿ ಬಹುತೇಕ ಸಮತಟ್ಟು. ಲಾಕ್ ಬಂದಲ್ಲಿ ಮಾತ್ರ ಸಣ್ಣ ಏರು. ಸೈಕಲ್‌ಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? ಕಂಬರ್ಲ್ಯಾಂಡ್‌ನಲ್ಲಿ ಇನ್ನೊಂದು ಸೈಕಲ್ ದಾರಿ ಕೂಡಿಕೊಳ್ಳುತ್ತದೆ. ಬಹುಪಾಲು ಹಳೆಯ ರೈಲು ಹಳಿಗಳ ಜಾಗದಲ್ಲಿ ಮಾಡಿದ ಅದು 2013ರಲ್ಲಿ ಪಿಟ್ಸ್‌ಬರ್ಗ್‌ವರೆಗೆ ಪೂರ್ಣಗೊಂಡಿತು. ಲಾಕ್ ಕಾಯುವವರ ಕೆಲವು ಮನೆಗಳನ್ನು ರಾತ್ರಿ ತಂಗಲು ಬಾಡಿಗೆಗೂ ಕೊಡುತ್ತಾರೆ. ನದಿಯ ಕಾಟ ಮಾತ್ರ ತಪ್ಪಿಲ್ಲ. 1996ರಲ್ಲಿ ಒಂದೇ ವರ್ಷ ಎರಡು ಸಲ ಪ್ರವಾಹ ಬಂದು ದಾರಿ ಕೊಚ್ಚಿಹೋಗಿ, ಮತ್ತೆ ಮಣ್ಣು ತುಂಬಬೇಕಾಯಿತು.