ಯಾಕೋಬ ಅಂದ್ರೆ ಮೋಸಗಾರ ಅಂತಾನಾ?

ಮಗುಗೆ ಹೆಸರು ಹುಡುಕೋರು ನೆಟ್ಟಲ್ಲಿ ಯಾಕೋಬ ಅಂತ ಹಾಕಿದ್ರೆ 'ಮೋಸಗಾರ' ಅಂತ ಅರ್ಥ ಬರುತ್ತೆ, ಅಲ್ಲಿಗೆ ಆ ಹೆಸರು ಬಿಟ್ಟೇಬಿಡ್ತಾರೆ. ನಂಗೆ ಇದು ತುಂಬಾ ಬೇಜಾರು, ಯಾಕಂದ್ರೆ ಆ ಅರ್ಥ ಹುಟ್ಟಿದಾಗ ಇಟ್ಟಿದ್ದಲ್ಲ, ಆಮೇಲೆ ಹೊಟ್ಟೆ ಉರಿದ ಅಣ್ಣ ಅಂಟಿಸಿದ್ದು.

ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 25ನೇ ಅಧ್ಯಾಯ ತೆಗೆದು ನೋಡಿ. ಇಸಾಕನ ಹೆಂಡತಿ ರೆಬೆಕ್ಕಳಿಗೆ ಅವಳಿ ಮಕ್ಕಳು, ಮೊದ್ಲು ಕೆಂಪಗೆ ಮೈತುಂಬಾ ಕೂದಲಿದ್ದ ಏಸಾವ ಬಂದ, ಬೆನ್ನಿಗೇ ತಮ್ಮ, ಪುಟ್ಟ ಕೈಯಲ್ಲಿ ಅಣ್ಣನ ಹಿಮ್ಮಡಿ ಹಿಡ್ಕೊಂಡೇ ಹೊರಗೆ ಬಂದ. ಹಿಬ್ರೂನಲ್ಲಿ ಹಿಮ್ಮಡಿಗೆ ಅಕೇವ್ ಅಂತಾರೆ, ಅದಕ್ಕೇ ಮಗು ಯಅಕೋವ್, ಅಂದ್ರೆ ನಮ್ಮ ಯಾಕೋಬ. ಅಷ್ಟೇ, ಇಲ್ಲಿ ಮೋಸದ ಮಾತೇ ಇಲ್ಲ. 27ನೇ ಅಧ್ಯಾಯದಲ್ಲಿ ತಮ್ಮ ಕೈಗೆ ಮೇಕೆಮರಿ ಚರ್ಮ ಸುತ್ಕೊಂಡು ಹೋಗಿ, ಕಣ್ಣು ಕಾಣದ ಅಪ್ಪ ಇಸಾಕನ ಹತ್ರ ಅಣ್ಣನ ಆಶೀರ್ವಾದ ಪಡ್ಕೊಂಡುಬಿಡ್ತಾನೆ, ಆಗ ಏಸಾವ ಗೋಳೋ ಅಂತ ಅತ್ತು, ಇವನಿಗೆ ಯಾಕೋಬ ಅನ್ನೋ ಹೆಸರು ಸರಿಯಾಗೇ ಇದೆ, ಎರಡು ಸಲ ನನ್ನ ವಂಚಿಸಿದ ಅಂತಾನೆ. ಅದೇ ಅಕ್ಷರಗಳಿಂದ ವಂಚಿಸು ಅನ್ನೋ ಕ್ರಿಯಾಪದನೂ ಆಗುತ್ತೆ, ಅದ್ರ ಮೇಲೆ ಆಡಿದ ಶ್ಲೇಷೆ ಇದು. ಮುಂದೆ ಪ್ರವಾದಿ ಯೆರೆಮೀಯನೂ ಒಡಹುಟ್ಟಿದವರನ್ನೇ ನಂಬಬೇಡಿ ಅಂತ ಬೈಯುವಾಗ ಇದೇ ಪದ ಎತ್ತಿಕೊಳ್ತಾನೆ.

ಭಾಷಾತಜ್ಞರು ಇನ್ನೂ ಹಿಂದಕ್ಕೆ ಹೋಗ್ತಾರೆ. ಮೆಸೊಪೊಟೇಮಿಯಾದ ಹಳೇ ಮಣ್ಣಿನ ಹಲಗೆಗಳಲ್ಲಿ ಅಮೋರೈಟ್ ಅನ್ನೋ ಹಳೇ ಜನಾಂಗದವರ ಇದೇ ಥರದ ಹೆಸರುಗಳು ಕೊನೆಗೆ 'ಏಲ್', ಅಂದ್ರೆ ದೇವರು, ಅಂತ ಸೇರ್ಕೊಂಡು ಸಿಗ್ತಾವೆ. ಈಜಿಪ್ಟಲ್ಲಿ, ಹೊರಗಿಂದ ಬಂದು ಆಳಿದ ಹಿಕ್ಸೋಸರ ಕಾಲದ ಒಬ್ಬ ರಾಜ ಯಾಕುಬ್-ಹರ್. ಹಾಗಾಗಿ ಯಾಕೋಬ ಅನ್ನೋದು 'ದೇವರು ಕಾಪಾಡಲಿ' ಅನ್ನೋ ಉದ್ದ ಹೆಸರಿನ ಮೊಟಕು ರೂಪ ಇರಬೇಕು ಅಂತ ಅವರಲ್ಲಿ ತುಂಬಾ ಜನ ಹೇಳ್ತಾರೆ, ನನಗೂ ಅದೇ ಸರಿ ಅನ್ಸುತ್ತೆ, ಹೆತ್ತವರು ಮಗುಗೆ ಹರಸೋ ಹೆಸರು ಇಡ್ತಾರೆ ಹೊರತು ಬೈಗುಳ ಇಡಲ್ಲ ಅಲ್ವಾ.

ಮತ್ತೆ ಕಥೆಗೆ ಬಂದ್ರೆ, ಯಬ್ಬೋಕ್ ಹೊಳೆ ಹತ್ರ ರಾತ್ರಿಯೆಲ್ಲಾ ಯಾಕೋಬನಿಗೆ ಯಾರೋ ಒಬ್ಬನ ಜೊತೆ ಕುಸ್ತಿ ಆಗುತ್ತೆ, ತೊಡೆಕೀಲು ತಪ್ಪುತ್ತೆ, ಆದ್ರೂ ನೀನು ಆಶೀರ್ವಾದ ಕೊಡೋವರೆಗೂ ನಿನ್ನ ಬಿಡಲ್ಲ ಅಂತಾನೆ. ನಿನ್ನ ಹೆಸರೇನು ಅಂದಾಗ 'ಯಾಕೋಬ' ಅಂತ ಹೇಳ್ತಾನೆ, ಆಗ ಸಿಕ್ಕಿದ್ದೇ ಇಸ್ರಾಯೇಲ ಅನ್ನೋ ಹೊಸ ಹೆಸರು. ವಿಶೇಷ ಏನಂದ್ರೆ ಇವನ ತಾತ ಅಬ್ರಾಮ ಒಂದ್ಸಲ ಅಬ್ರಹಾಮ ಆದ್ಮೇಲೆ ಕಥೆ ಅವನನ್ನ ಹಳೇ ಹೆಸರಲ್ಲಿ ಕರೆಯೋದೇ ಇಲ್ಲ, ಯಾಕೋಬನನ್ನ ಮಾತ್ರ ಕೊನೇವರೆಗೂ ಒಮ್ಮೆ ಇಸ್ರಾಯೇಲ ಅಂತ, ಒಮ್ಮೆ ಹಳೇ ಯಾಕೋಬ ಅಂತ ಕರೀತಾ ಹೋಗುತ್ತೆ.

ಗ್ರೀಕಿಗೆ ಹೋಗಿ ಯಾಕೋಬೋಸ್, ಲ್ಯಾಟಿನ್ ದಾಟಿ ಇಂಗ್ಲಿಷಲ್ಲಿ ಜೇಕಬ್ ಬೇರೆ ಜೇಮ್ಸ್ ಬೇರೆ ಆಗೋಯ್ತು. ಅರಬ್ಬಿಯಲ್ಲಿ ಯಾಕೂಬ್, ಪಕ್ಕದ ಕೇರಳದಲ್ಲಿ ಚಾಕೋ. ನಮ್ಮ ಕನ್ನಡ ಬೈಬಲ್ಲಲ್ಲಿ ಇಂಗ್ಲಿಷಿನವರ ಜೇಮ್ಸ್ ಕೂಡ ಯಾಕೋಬನೇ, ಹೊಸ ಒಡಂಬಡಿಕೆಯ ಕೊನೇ ಕಡೆ ಹೋದ್ರೆ 'ಯಾಕೋಬನು ಬರೆದ ಪತ್ರಿಕೆ' ಅಂತಾನೇ ಇದೆ.